ಲಾರಿ ಹತ್ತಿದ ಹುಡುಗಿ

“ಲಾರಿಗೆ ಹಗ್ಗ ಬಿಗಿಯೋ ಕೈಗೆ ಮೈಕ್ ಕೊಟ್ಟೀರಲ್ಲ, ಚೆನ್ನಬಸಮ್ಮ. ಎಂಟನೇತ್ತ ಮುಗಸಲಾರದವ ಕಾದಂಬರಿಗೆ ಮಾರ್ಕ್ಸ್ ಹಾಕ್ತಾನಂತ. ಮುಂದಿನ ಸಲ ಕ್ಲೀನರ್‌ಗಳನ್ನ ಕರದು ಅಧ್ಯಕ್ಷರನ್ನ ಮಾಡಿಬಿಡ್ರಿ.”

ಹೊಸಪೇಟೆಯ ಗ್ರಂಥಾಲಯದ ಮೇಲಿನ ಹಾಲಿನಲ್ಲಿ, ಮೊದಲ ಸಾಲಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ರೈಸ್‌ಮಿಲ್ ಕೊಟ್ರಯ್ಯ ಹೀಗಂದಾಗ ಹಾಲಿಗೆ ಹಾಲೇ ನಕ್ಕಿತು. ಅವತ್ತಿನ ಚಹಾ, ಮಿರ್ಚಿ ಅವರ ಲೆಕ್ಕದ್ದು. ಹಾಗಾಗಿ ನಗು ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. ನಗದೆ ಇದ್ದವರೆಂದರೆ ನಾನು, ನನ್ನ ಹೆಸರು ಕೂಗಿ ಕರೆದಿದ್ದ ಗ್ರಂಥಪಾಲಕಿ ಚೆನ್ನಬಸಮ್ಮ, ಮತ್ತು ವೇದಿಕೆಯ ಮೇಲಿದ್ದ ಈಶ್ವರ್ ಸರ್. ಚರ್ಚೆಗಿದ್ದದ್ದು ಈಶ್ವರ್ ಸರ್ ಹರೆಯದ ಮಕ್ಕಳಿಗೆಂದು ಬರೆದ ಹೊಸ ಕಾದಂಬರಿ. ಅವರು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವರು. ಕೊಟ್ರಯ್ಯನ ಅಣ್ಣನ ಮಗ.

ನಾನು ಬಂಡ್ರಿಯ ಗಾದಿಲಿಂಗ. ಅದಿರು ತುಂಬಿದ ಲಾರಿಗೆ ತಾಡಪಾಲು ಹೊದಿಸಿ ಹಗ್ಗ ಬಿಗಿಯುವುದು ನನ್ನ ಕೆಲಸ. ಎಂಟನೇ ಕ್ಲಾಸು ಮುಗಿಸಿಲ್ಲ ಎನ್ನುವುದೂ ನಿಜ. ಆ ಮಾತಿನಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ, ಅದಕ್ಕೇ ಮೈ ಉರಿಯಿತು. ಸುಳ್ಳಾಗಿದ್ದರೆ ಅಲ್ಲೇ ಜಗಳ ತೆಗೆಯಬಹುದಿತ್ತು.

ಮೈಕ್ ಮಾತ್ರ ಬಿಡಲಿಲ್ಲ. ಇಂಥ ಪುಸ್ತಕಗಳನ್ನು ನಾನು ಓದಲು ಶುರು ಮಾಡಿದ್ದು ನನ್ನ ತಂಗಿ ರಮಾಗಾಗಿ. ಅವಳು ಸಂಡೂರಿನ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿಬರುವವಳು, ಒಂಬತ್ತನೇತ್ತ. ಚೆನ್ನಬಸಮ್ಮ ಹೊಸದಾಗಿ ಬಂದದ್ದನ್ನೆಲ್ಲ ನನಗಾಗಿ ತೆಗೆದಿಡುತ್ತಿದ್ದರು. ಲಾರಿಗಳು ಸಾಲುಗಟ್ಟಿ ನಿಂತಾಗ ತಾಡಪಾಲಿನ ಸುರುಳಿಯ ಮೇಲೆ ಕೂತು ಮೊದಲು ನಾನು ಓದುತ್ತಿದ್ದೆ, ಆಮೇಲೆ ಮನೆಗೆ ಒಯ್ಯುತ್ತಿದ್ದೆ. ಓದಿದ್ದನ್ನೇ ಹಾಲಿನಲ್ಲಿ ಹೇಳಿದೆ. ಒಂದು ಪುಸ್ತಕದಲ್ಲಿ ಪಟ್ಟಣದ ಹುಡುಗ ರಜೆಗೆ ಹಳ್ಳಿಗೆ ಬರುತ್ತಾನೆ, ಹಳ್ಳಿಯ ಹುಡುಗ ಅವನಿಗೆ ಈಜು ಕಲಿಸುತ್ತಾನೆ, ರಜೆ ಮುಗಿಯುವ ಹೊತ್ತಿಗೆ ಪಟ್ಟಣದವನು ಒಳ್ಳೆಯವನಾಗಿ ವಾಪಸ್ ಹೋಗುತ್ತಾನೆ. ಈಜು ಕಲಿಸಿದವನು ಏನಾದ ಎಂಬುದು ಬರೆದವರಿಗೆ ನೆನಪೇ ಇಲ್ಲ. ಇನ್ನೊಂದರಲ್ಲಿ ಹುಡುಗಿಗೆ ಯಾರ ಮೇಲೋ ಮನಸ್ಸಾಗುತ್ತದೆ. ಪುಟ ತಿರುವುವುದರೊಳಗೆ ಡಾಕ್ಟರ್ ಮಾವ ಬಂದು ಅದೆಲ್ಲ ಹಾರ್ಮೋನು ಎಂದು ತಿಳಿಸಿ ಹೇಳುತ್ತಾನೆ, ಹುಡುಗಿ ಥ್ಯಾಂಕ್ಸ್ ಮಾವ ಎಂದು ಲೆಕ್ಕ ಮಾಡಲು ಕೂರುತ್ತಾಳೆ. ಈ ಪುಸ್ತಕಗಳ ಮಕ್ಕಳು ಒಬ್ಬರೂ ಬೈಯುವುದಿಲ್ಲ. ಸಿಟ್ಟು ಬಂದರೆ ಗಿಡ ನೆಡುತ್ತಾರೆ.

ಇಲ್ಲಿ ಜನ ಮತ್ತೆ ನಕ್ಕರು. ಈ ಸಲದ ನಗು ಬೇರೆ.

ಒಂದೇ ಒಂದು ಪುಸ್ತಕ ಇಷ್ಟವಾಗಿತ್ತು, ಅದನ್ನೂ ಹೇಳಿದೆ. ಅದರಲ್ಲಿ ಒಬ್ಬ ಹುಡುಗ ತಮ್ಮನ ಪಾಲಿನ ಬೆಲ್ಲ ಕದ್ದು ತಿಂದು ಕೊನೆಯ ತನಕ ಬಾಯಿ ಬಿಡುವುದಿಲ್ಲ. ಬರೆದವರೂ ಅವನ ಬಾಯಿ ಬಿಡಿಸಲು ಹೋಗಿಲ್ಲ, ಶಿಕ್ಷೆ ಕೊಟ್ಟಿಲ್ಲ. ರಮಾ ಅದನ್ನು ಮತ್ತೆ ಮತ್ತೆ ಓದಿದಳು.

ಆಮೇಲೆ ಈಶ್ವರ್ ಸರ್ ಪುಸ್ತಕಕ್ಕೆ ಬಂದೆ. ಗಣಿ ಊರಿನ ಹುಲಿಗಿ ಎಂಬ ಹುಡುಗಿಯ ಕಥೆ ಅದು. ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಕೂತು ಓದುತ್ತಾಳೆ, ಎಡಗೈಯಲ್ಲಿ ಜಡೆ ಹೆಣೆದುಕೊಳ್ಳುತ್ತಾಳೆ, ಅಪ್ಪನ ಜೊತೆ ವಾರಗಟ್ಟಲೆ ಮಾತು ಬಿಡುತ್ತಾಳೆ. ಅವಳಿಗೆ ಹಸಿವಾಗುತ್ತದೆ, ಸಿಟ್ಟು ಬರುತ್ತದೆ. ಮುಕ್ಕಾಲು ಪುಸ್ತಕ ನಾನು ತಲೆ ಎತ್ತದೆ ಓದಿದ್ದೆ. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಸುಸ್ತಾಗಿದ್ದ. ಅದಾದ ಮೇಲೆ ಒಂದು ಬೆಳಿಗ್ಗೆ ಹುಲಿಗಿ ಅದಿರಿನ ಲಾರಿ ಹತ್ತಿ ಡ್ರೈವರನ ಜೊತೆ ಹೋಗಿಬಿಡುತ್ತಾಳೆ. ಧೂಳು ಏಳುತ್ತದೆ. ಪುಸ್ತಕ ಮುಗಿಯುತ್ತದೆ.

“ಆ ಕೊನೆ ಸುಳ್ಳು, ಸರ್,” ಎಂದೆ. “ಹುಡುಗೀನ್ನ ಏನ್ ಮಾಡಬೇಕಂತ ನಿಮಗ ತಿಳೀಲಿಲ್ಲ, ಲಾರಿ ಹತ್ತಿಸಿ ಕಳಿಸಿಬಿಟ್ರಿ. ಮುಂದ ಆಕಿ ಎಲ್ಲಿ ಮಲಗಿದ್ಲು, ಉಂಡ್ಲೋ ಇಲ್ಲೋ, ಏನೂ ಇಲ್ಲ. ಧೂಳು ಎಬ್ಬಿಸಿ ನೀವು ಪಾರಾದ್ರಿ.”

ಈಶ್ವರ್ ಸರ್ ತಲೆ ಎತ್ತಿದವರು ನನ್ನನ್ನು ನೋಡಲಿಲ್ಲ, ಮೊದಲ ಸಾಲಿನ ಕಾಕಾನನ್ನು ನೋಡಿದರು. ಕೊಟ್ರಯ್ಯ ಕೈಯಲ್ಲಿದ್ದ ಚಹಾದ ಕಪ್ಪಿನೊಳಗೆ ನೋಡಿದರು.

ಇಷ್ಟೇ ಆಗಿದ್ದರೆ ಪುಸ್ತಕ ವಾಪಸ್ ಕೊಟ್ಟು ನಾನು ಸುಮ್ಮನಿರುತ್ತಿದ್ದೆ. ಆದರೆ ಆ ಧೂಳು ನಮ್ಮ ಮನೆಯೊಳಗೇ ಬಂದಿತ್ತು.

ನಮ್ಮ ಕೇರಿಯಲ್ಲಿ ಶ್ರಾವಣಕ್ಕೆ ದುರ್ಗಮ್ಮನ ಗುಡಿಯ ಕಟ್ಟೆಯ ಮೇಲೆ ಪುರಾಣ ಹಚ್ಚುತ್ತಾರೆ. ಒಬ್ಬ ಓದಬೇಕು, ಇನ್ನೊಬ್ಬ ಅರ್ಥ ಹೇಳಬೇಕು. ಓದುವವನು ಮೂಕಪ್ಪ, ಅರ್ಥ ಹೇಳುವವನು ಮುದುಕಪ್ಪ. ಅರ್ಥ ಹೇಳುವುದೆಂದರೆ ಬರೀ ಮಾತಿನ ಅರ್ಥವಲ್ಲ. ಕಥೆಯ ರಾಣಿ ಎಂಥವಳು ಎಂದರೆ ನಮ್ಮ ದುರ್ಗಕ್ಕನಂಥ ಗಟ್ಟಿಗಿತ್ತಿ, ಮಂತ್ರಿ ಎಂಥವನು ಎಂದರೆ ನಮ್ಮ ಓಬಳಪ್ಪನಂಥ ಚಾಲಾಕಿ, ಹೀಗೆ ಕೇರಿಯ ಜನರನ್ನೇ ಎಬ್ಬಿಸಿ ತೋರಿಸಬೇಕು. ಕೇಳುವವರಿಗೆ ರುಚಿ ಹತ್ತುವುದೇ ಅಲ್ಲಿ. ಒಮ್ಮೆ ಯಾರನ್ನು ಯಾರಿಗೆ ಹೋಲಿಸಿದರೋ ಕಥೆ ಮುಗಿಯುವ ತನಕ ಅದನ್ನು ಬದಲಿಸುವಂತಿಲ್ಲ. ಓಬಳಪ್ಪ ಒಂದು ವರ್ಷ ಶ್ರಾವಣ ಪೂರ್ತಿ ಮಂತ್ರಿಯ ಬೈಗುಳ ತಿಂದಿದ್ದಾನೆ.

ಈ ಸಲ ಪುರಾಣ ಬೇಗ ಮುಗಿಯಿತು, ಜನ ಕೂಡುವುದು ನಿಲ್ಲಲಿಲ್ಲ. ಈಶ್ವರ್ ಸರ್ ಕಾಲೇಜಿನ ಹುಡುಗರನ್ನು ಕರೆದುಕೊಂಡು ನಮ್ಮೂರಿಗೆ ಎರಡನೇ ಸಲ ಕ್ಯಾಂಪಿಗೆ ಬಂದಾಗ ಅಚ್ಚಾದ ಕಾದಂಬರಿಯನ್ನು ಶಾಲೆಗೆ ಕೊಟ್ಟುಹೋಗಿದ್ದರು. ಮೂಕಪ್ಪ ಅದನ್ನೇ ತಂದು ಓದಲು ಕೂತ. ಹುಲಿಗಿ ಟ್ಯಾಂಕಿನ ಮೆಟ್ಟಿಲ ಮೇಲೆ ಕೂತು ಓದುವ ಭಾಗ ಬಂದಾಗ ಮುದುಕಪ್ಪ ಪ್ರೀತಿಯಿಂದಲೇ, ಥೇಟ್ ನಮ್ಮ ಹುಸೇನಪ್ಪನ ಮಗಳು ರಮಾ ಇದ್ದಂಗ, ಅಂದ. ರಮಾ ಓದುವುದೂ ಅಲ್ಲೇ; ಲಾರಿಗಳ ಧೂಳು ಅಷ್ಟು ಎತ್ತರಕ್ಕೆ ಬರುವುದಿಲ್ಲ. ಅಪ್ಪ ಹಿಗ್ಗಿಹೋದ. ಮರುದಿನ ಕಟ್ಟೆಗೆಲ್ಲ ಎಲೆ ಅಡಿಕೆ ಹಂಚಿದ.

ಕೆಲವು ದಿನ ಕಳೆದು ಹುಲಿಗಿ ಲಾರಿ ಹತ್ತಿದಳು.

ಅವತ್ತು ಮುದುಕಪ್ಪ ಅರ್ಥ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಕಟ್ಟೆಯ ಮೇಲಿದ್ದವರೆಲ್ಲ ಕತ್ತು ತಿರುಗಿಸಿ ನಮ್ಮ ಬಾಗಿಲು ನೋಡಿದರು. ಸರ್ ಇಲ್ಲೇ ಬಂದು ಇದ್ದು ಹೋದವರು, ಏನೂ ಕಾಣದೆ ಬರೀತಾರೇನು, ಎಂದು ಒಬ್ಬರೆಂದರೆ ಇನ್ನೊಬ್ಬರು ರಮಾ ಬಸ್ಸಿಗೆ ನಿಲ್ಲುವ ಜಾಗದಲ್ಲಿ ಯಾವ ಲಾರಿ ನಿಧಾನ ಮಾಡುತ್ತದೆ ಎಂದು ನೆನಪು ಮಾಡಿಕೊಂಡರು. ಅಪ್ಪ ರಮಾಳ ಶಾಲೆಯ ಚೀಲವನ್ನು ಅಟ್ಟಕ್ಕೆ ಎಸೆದ. ಅವ್ವನ ಕಡೆಯವರು ಗಂಡು ಹುಡುಕತೊಡಗಿದರು. ನಾನು ಕೂಗಾಡಿದೆ, ಮುದುಕಪ್ಪನ ಮನೆಗೆ ಹೋಗಿ ಬಾಗಿಲು ಒದ್ದೆ. ಅವನು ಕಣ್ಣೀರು ಹಾಕಿಕೊಂಡು, ಕಟ್ಟೆ ಮೇಲೆ ಆಡಿದ ಮಾತನ್ನು ಕಟ್ಟೆ ಮೇಲೇ ಇಳಿಸಬೇಕು, ಹುಲಿಗಿ ಯಾರೆಂದು ಗೊತ್ತಾಗದೆ ಹೇಗೆ ಇಳಿಸಲಿ, ಅಂದ.

ರಮಾ ಮಾತ್ರ ಪುಸ್ತಕವನ್ನು ಬೈಯಲಿಲ್ಲ. “ಹುಲಿಗಿ ನಾನಲ್ಲಣ್ಣ. ನಾನಾಗಿದ್ರ ಬುತ್ತಿ ಕಟ್ಕಂಡು ಹೋಗ್ತಿದ್ದೆ,” ಅಂದು ನಕ್ಕಳು. ನಕ್ಕು ಮುಗಿಯುವ ಮೊದಲೇ ಮುಖ ಗೋಡೆಗೆ ತಿರುಗಿಸಿದಳು. ನಾನು ಹೊಸಪೇಟೆಗೆ ಹೊರಟಾಗ, ಸರ್‌ಗೆ ಬೈಬೇಡ, ಪುಸ್ತಕ ಚೆನ್ನಾಗಿದೆ, ಅಂತಲೂ ಹೇಳಿ ಕಳಿಸಿದ್ದಳು. ಅದೊಂದನ್ನು ನಾನು ಪಾಲಿಸಲಿಲ್ಲ.

ಇದನ್ನೆಲ್ಲ ಮೈಕಿನಲ್ಲಿ ಹೇಳಿ, ಸರ್ ಒಮ್ಮೆ ಬಂಡ್ರಿಯ ಕಟ್ಟೆಗೆ ಬಂದು ಕೂತು ಹುಲಿಗಿ ರಮಾ ಅಲ್ಲವೆಂದು ಹೇಳಬೇಕು, ನನಗೆ ಬೇಕಾದದ್ದು ಇಷ್ಟೇ, ಅಂದೆ. ಕೊಟ್ರಯ್ಯ ಎದ್ದು ನಿಂತು, ಪುಸ್ತಕ ಬರೆದವರು ಕೇರಿಕೇರಿ ತಿರುಗಿ ಸಮಜಾಯಿಷಿ ಕೊಡುವ ಕಾಲ ಬಂತಾ ಎಂದು ರೇಗಿದರು. ಈಶ್ವರ್ ಸರ್ ಅವರ ಮಾತು ಮುಗಿಯಲು ಬಿಟ್ಟು, ಸೋಮವಾರ ಸಂಜೆ ಬರುತ್ತೇನೆ ಅಂದರು.

ಬಂದರು. ಕೊಟ್ರಯ್ಯನ ಜೀಪಿನಲ್ಲೇ ಬಂದರು. ಹುಡುಗನನ್ನು ಒಬ್ಬನೇ ಆ ಲಾರಿಗಳ ದಾರಿಗೆ ಬಿಡಲಾರೆ ಎಂದು ಕಾಕಾ ತಾವೇ ಡ್ರೈವ್ ಮಾಡಿಕೊಂಡು ಬಂದಿದ್ದರಂತೆ. ಹುಡುಗನಿಗೆ ಮೂವತ್ತು ದಾಟಿ ಕೂದಲು ಬಿಳಿಯಾಗುತ್ತಿತ್ತು. ಕೊಟ್ರಯ್ಯ ಕೆಳಗಿಳಿಯಲಿಲ್ಲ, ಗಾಜು ಇಳಿಸಿಕೊಂಡು ಒಳಗೇ ಕೂತರು.

ಕಟ್ಟೆ ತುಂಬಿತ್ತು. ರಮಾ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತಿದ್ದಳು, ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ಈಶ್ವರ್ ಸರ್ ಮೊದಲು ಕಾಲೇಜಿನಲ್ಲಿ ಹೇಳುವ ಹಾಗೆ ಹೇಳಿದರು. ಕಾದಂಬರಿ ಎಂದರೆ ಕಲ್ಪನೆ, ಪಾತ್ರಗಳು ಯಾರೂ ಅಲ್ಲ, ಎಲ್ಲರೂ ಹೌದು, ಎಂದೆಲ್ಲ. ಜನ ಮರ್ಯಾದೆಯಿಂದ ಕೇಳಿದರು, ಯಾರ ಮುಖದಲ್ಲೂ ಏನೂ ಬದಲಾಗಲಿಲ್ಲ. ಕಲ್ಪನೆ ಎನ್ನುವ ಮಾತಿನಿಂದ ಅಟ್ಟದ ಮೇಲಿನ ಚೀಲ ಕೆಳಗೆ ಬರುವುದಿಲ್ಲ.

ಆಗ ಮುಂದೆ ಕೂತಿದ್ದ ದುರ್ಗಕ್ಕ, ತನಗೆ ಅಷ್ಟೆಲ್ಲ ತಿಳಿಯುವುದಿಲ್ಲ, ಒಂದೇ ಮಾತು ಕೇಳುತ್ತೇನೆ ಅಂದಳು. “ಹುಲಿಗಿ ಎಡಗೈಲೆ ಜಡಿ ಹಾಕ್ಕಂತಾಳ ಅಂತ ಮೂಕಪ್ಪ ಓದಿದ. ರಮಾ ಬಲಗೈಯಾಕಿ. ಯಾರೂ ಅಲ್ಲದಾಕಿಗಿ ಎಡಗೈ ಎಲ್ಲಿಂದ ಬಂತ್ರಿ, ಸರ?”

ಅವಳು ಸೋಲಿಸಲೆಂದು ಕೇಳಿದ್ದಲ್ಲ. ತನ್ನ ಮಗಳ ಬಗ್ಗೆ ಕೇಳುವಂತೆ ಮೆತ್ತಗೆ ಕೇಳಿದಳು. ಈಶ್ವರ್ ಸರ್ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡರು. ಒಮ್ಮೆ ಜೀಪಿನ ಕಡೆ ನೋಡಿದರು.

“ನಮ್ಮಕ್ಕಂದು,” ಅಂದರು. “ಗಂಗಾಂಬಿಕಾ ಅಂತ.”

ಆಮೇಲೆ ಅವರ ಮಾತು ಕಾಲೇಜಿನದಾಗಿರಲಿಲ್ಲ. ಅವರ ಊರು ಕಂಪ್ಲಿ ಕಡೆಯ ಮೆಟ್ರಿ. ಅಕ್ಕ ಕಾಲುವೆಯ ತೂಬಿನ ಮೇಲೆ ಕೂತು ಓದುವವಳು. ಹತ್ತನೇತ್ತದ ವರ್ಷ, ಮನೆಯದೇ ರೈಸ್‌ಮಿಲ್ಲಿಗೆ ಭತ್ತ ಹೊಡೆಯುವ ಲಾರಿ ಹತ್ತಿ ಹೋದಳು. ಅವಳ ಹೆಸರನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ, ಹುಡುಕಲೂ ಇಲ್ಲ. ತಮ್ಮನಾದ ಇವರಿಗೆ ಆಗ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ; ಅದನ್ನೂ ಅವಳೇ ಎಡಗೈಯಲ್ಲಿ ಹಾಕುತ್ತಿದ್ದಳು.

“ತೂಬು ತಗದು ಟ್ಯಾಂಕ್ ಮಾಡಿದೆ. ಭತ್ತದ ಲಾರಿ ತಗದು ಅದಿರಿನ ಲಾರಿ ಮಾಡಿದೆ. ಮಂದಿಗೆ ಗೊತ್ತಾಗಬಾರದು ಅಂತ,” ಅಂದರು. “ಧೂಳು ಮಾತ್ರ ಬದಲಿ ಮಾಡಲಿಲ್ಲ. ನಾನು ಕಂಡದ್ದು ಅಷ್ಟ.”

ಜೀಪಿನ ಗಾಜು ಮೇಲೇರಿತು. ಒಳಗಿದ್ದವರ ಮುಖ ಕಾಣದಂತಾಯಿತು. ಲಾರಿಗೆ ಹಗ್ಗ ಬಿಗಿಯುವ ಕೈ ಎಂದಾಗ ಕೊಟ್ರಯ್ಯ ನೋಡಿದ್ದು ನನ್ನ ಕೈಯನ್ನಲ್ಲ, ಆ ಭತ್ತದ ಲಾರಿಯನ್ನು ಎಂದು ಆಗ ಹೊಳೆಯಿತು. ಆದರೂ ನನ್ನ ಸಿಟ್ಟು ಇಳಿಯಿತು ಎನ್ನಲಾರೆ. ಅದು ನಿಂತಲ್ಲಿ ನಿಲ್ಲಲಾಗದೆ ಜಾಗ ಹುಡುಕತೊಡಗಿತು.

ದುರ್ಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಆ ತಾಯಿ ಎಲ್ಲಿದ್ದರೂ ತಣ್ಣಗಿರಲಿ ಅಂದಳು. ಮುದುಕಪ್ಪ ಬಂದು ಮಂಡಿಯೂರಿ ಈಶ್ವರ್ ಸರ್ ಮಡಿಲಿನಿಂದ ಪುಸ್ತಕ ತೆಗೆದುಕೊಂಡ, ಹಣೆಗೆ ಮುಟ್ಟಿಸಿಕೊಂಡ, ಕೇಳುತ್ತಿದ್ದವರ ಕಡೆ ತಿರುಗಿದ. “ಹೋಲಿಕಿ ನಂದು ತಪ್ಪಾತು. ಈ ಕಟ್ಟಿ ಮ್ಯಾಲ ಏರಿಸಿದ ಮಾತು ಈ ಕಟ್ಟಿ ಮ್ಯಾಲ ಇಳಿಸೀನಿ. ಹುಲಿಗಿ ಅವರ ಮನಿ ಮಗಳು. ರಮಾ ನಮ್ಮ ಮನಿ ಮಗಳು.”

ಜನ ಕೈ ಮುಗಿದರು. ಪುರಾಣ ಮುಗಿದಾಗ ಮುಗಿಯುತ್ತಾರಲ್ಲ, ಹಾಗೆ. ಅಪ್ಪ ಬಹಳ ಹೊತ್ತು ಕಂಬ ಬಿಟ್ಟು ಏಳಲಿಲ್ಲ. ಆಮೇಲೆ ಎದ್ದು, ಪಂಚೆ ಕೊಡವಿಕೊಂಡು, ಹೊಸ್ತಿಲಲ್ಲಿ ನಿಂತವಳನ್ನು ನೇರ ನೋಡಲಾಗದೆ ಅವಳ ಪಕ್ಕದ ಬಾಗಿಲಿಗೆ ಹೇಳಿದ ಹಾಗೆ ಹೇಳಿದ.

“ನಾಳೆ ಬಸ್ಸಿಗಿ ಜಲ್ದಿ ಏಳು.”

ರಮಾ ಒಳಗೆ ಓಡಿದಳು. ಅಟ್ಟದ ಏಣಿ ನೆಲಕ್ಕೆ ಬಡಿದ ಸದ್ದು ಕಟ್ಟೆಯ ತನಕ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಧೂಳಾಗಿ ಹೊರಬಂದು, ಸರ್ ಉಂಡು ಹೋಗಬೇಕಂತೆ, ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ, ಅಂದಳು. ಈಶ್ವರ್ ಸರ್ ಅವಳ ಕೈಯಲ್ಲಿದ್ದ ಚೀಲವನ್ನು ನೋಡಿದರು. ಇನ್ನೊಮ್ಮೆ ಬರುತ್ತೇನಮ್ಮ ಅಂದರು.

ನಾನು ಅವರನ್ನು ಜೀಪಿನ ತನಕ ಕಳಿಸಲು ಹೋದೆ. ಥ್ಯಾಂಕ್ಸ್ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿ ತೆರೆದೆ, ಬರಲಿಲ್ಲ. ಪುಸ್ತಕದ ಕೊನೆ ಸುಳ್ಳು ಎಂದು ತುಂಬಿದ ಹಾಲಿನಲ್ಲಿ ಕೂಗಿ ಹೇಳಿದ ಬಾಯಿ ಅದು. ಹೊರಗೆ ರಸ್ತೆಯಲ್ಲಿ ಅದಿರಿನ ಲಾರಿಗಳು ಒಂದರ ಹಿಂದೊಂದು ಹೊಸಪೇಟೆ ಕಡೆ ಹೊರಟಿದ್ದವು. ಯಾರೋ ಅರ್ಧಂಬರ್ಧ ಬಿಗಿದ ತಾಡಪಾಲು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

ಈಶ್ವರ್ ಸರ್ ಜೀಪಿನ ಬಾಗಿಲ ಮೇಲೆ ಕೈಯಿಟ್ಟು ನಿಂತರು.

“ಮುಂದ ಏನಾತು ಅಂತ ಕೇಳಿದ್ಯಲ್ಲ, ಗಾದಿಲಿಂಗ. ನನಗ ಗೊತ್ತಿದ್ರ ಬರೀತಿರಲಿಲ್ಲೇನು? ನೀನು ಅಷ್ಟು ಓದಿದಾಂವ, ಲಾರಿ ಮಂದಿ ಜೋಡಿ ಇರಾಂವ. ನಿನಗೇನ್ ಅನಸ್ತೈತಿ? ಆಕಿ ಆ ದಿನ ಉಂಡಿರತಾಳೇನು?”

ಅದು ಹಾಲಿನಲ್ಲಿ ಕೇಳುವಂಥ ಪ್ರಶ್ನೆಯಾಗಿರಲಿಲ್ಲ. ಅವರು ನಿಜವಾಗಿಯೂ ಕೇಳುತ್ತಿದ್ದರು. ಜೀಪಿನ ಗಾಜು ಯಾವಾಗಲೋ ಇಳಿದಿತ್ತು. ಸ್ಟೇರಿಂಗ್ ಮೇಲೆ ಎರಡೂ ಕೈಯಿಟ್ಟುಕೊಂಡು ಕೊಟ್ರಯ್ಯ ನನ್ನ ಕಡೆ ತಿರುಗಿ ಕಾಯುತ್ತಿದ್ದರು.

ಹೂಂ ಅನ್ನಬಹುದಿತ್ತು. ಲಾರಿಯವರಲ್ಲಿ ಒಳ್ಳೆಯವರು ಎಷ್ಟೋ ಜನರನ್ನು ಬಲ್ಲೆ. ಕ್ಲೀನರನಿಗೆ ಬಡಿಸಿ ತಾವು ಉಣ್ಣುವವರನ್ನು ಬಲ್ಲೆ. ಉಳಿದವರನ್ನೂ ಬಲ್ಲೆ. ಗೊತ್ತಿಲ್ಲದ ಕೊನೆಯನ್ನು ಕಟ್ಟಿ ಹೇಳಲಾರದೆ, ನಾನು ತಿರುಗಿ ರಮಾ ಓದುವ ಟ್ಯಾಂಕಿನ ಕಡೆ ನಡೆದೆ. ಹಿಂದೆ ಜೀಪು ಶುರುವಾದ ಸದ್ದು ಬಹಳ ಹೊತ್ತು ಬರಲಿಲ್ಲ.