ಹಗೇವಿಗೆ ಇಳಿಸಿದ ಕಂದೀಲು

ಅಣವೀರಪ್ಪ ಕಲಬುರ್ಗಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ. ಕಾಳಿನ ಧಾರಣೆಯನ್ನು ಸರಕಾರ ಕಟ್ಟಬಾರದು, ಪೇಟೆಯೇ ಕಟ್ಟಬೇಕು ಎಂದು ಐದು ವರ್ಷ ಪಾಠ ಹೇಳಿದ, ಪತ್ರಿಕೆಗೆ ಬರೆದ, ಹೈದರಾಬಾದಿನ ಸರಕಾರಕ್ಕೆ ಅರ್ಜಿ ಹಾಕಿದ. ವಿದ್ಯಾರ್ಥಿಗಳು ಅದನ್ನು ಸಿದ್ಧಾಂತ ಎಂದುಕೊಂಡಿದ್ದರು. ಅದರ ಬೇರು ಅವನ ಊರು ಕಮಲಾಪುರದ ಒಂದು ಹಗೇವಿನಲ್ಲಿ, ಕಾಳು ತುಂಬುವ ನೆಲದಡಿಯ ಗುಂಡಿಯಲ್ಲಿತ್ತು.

೧೯೪೮ರಲ್ಲಿ, ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಗೆ ನಾಲ್ಕು ತಿಂಗಳ ಮುಂಚೆ, ಅವನ ಅಪ್ಪ ಜಗದೇವಪ್ಪ ನೆಲದಡಿ ಜೋಳ ಮುಚ್ಚಿಟ್ಟ ಜಾಗವನ್ನು ಸರಕಾರಕ್ಕೆ ಕೊಡಲೇಬೇಕಾದ ಲೆವಿ ಕಾಳಿನ ವಸೂಲಿಗೆ ಬಂದ ಕಂದಾಯದ ಗಿರ್ದಾವರನಿಗೆ ತೋರಿಸಿದವನು ಪಕ್ಕದ ಮನೆಯ ದೌಲಪ್ಪ. ಮುಚ್ಚಿದ ಕಾಳೂ ಉಸಿರಾಡುತ್ತದೆ. ಕೆಟ್ಟ ಗಾಳಿ ಹಗೇವಿನ ತಳದಲ್ಲಿ ನಿಲ್ಲುತ್ತದೆ. ಬಾಯಿ ತೆರೆದು ಒಂದು ದಿನ ಬಿಟ್ಟು, ಕಂದೀಲು ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಜಗದೇವಪ್ಪ ಅಷ್ಟನ್ನೇ ಕೇಳಿಕೊಂಡ.

"ಕಂದೀಲಂತ ಕಂದೀಲು! ನಾಟಕ ಮಾಡ್ತಾನ್ರೀ ಸಾಹೇಬರ, ಇಳಸ್ರಿ ಅವನ್ನ," ಎಂದವನೂ ದೌಲಪ್ಪನೇ. ಜಗದೇವಪ್ಪ ಇಳಿದ. ಹೆಣ ಮೇಲೆ ಬಂತು. ದೌಲಪ್ಪನಿಗೆ ಇನಾಮಾಗಿ ರೇಷನ್ ಅಂಗಡಿ ಸಿಕ್ಕಿತು.

೧೯೫೪ರಲ್ಲಿ ಜೋಳದ ಮೇಲಿನ ಕಂಟ್ರೋಲು ಹೋಯಿತು. ಅಂಗಡಿ ಮುಚ್ಚಿದ ದೌಲಪ್ಪ, ತನ್ನ ಹಗೇವಿನ ತುಂಬ ಕೊಂಡಿಟ್ಟ ಜೋಳದ ಚಿಂತೆಯಲ್ಲಿ ಕಾಲೇಜಿಗೇ ಬಂದ.

"ಮಾಸ್ತರ್ರ, ಧಾರಣಿ ಏರ್ತದೋ ಇಳೀತದೋ?"

"ಇಳೀತದ ಕಾಕಾ. ಹೊರಗಿನ ಕಾಳು ಇನ್ನ ತಡಿಯಿಲ್ಲದ ಬರ್ತದ. ಇವತ್ತ ಮಾರ್ರಿ."

ದೌಲಪ್ಪ ನಕ್ಕ. "ನೀ ನನ್ನ ಹಿತಾ ಬಯಸ್ತಿ? ನಾ ಏನ್ ಕೂಸೇನೋ ತಮ್ಮಾ?"

ಸುಳ್ಳು ಹೇಳುವ ಅಗತ್ಯವಿಲ್ಲವೆಂದು ಅಣವೀರಪ್ಪನಿಗೆ ಗೊತ್ತಿತ್ತು. ತನ್ನ ಬಾಯಿಂದ ಬಂದ ನಿಜವನ್ನು ಆ ಮನುಷ್ಯ ತಲೆಕೆಳಗು ಮಾಡಿಕೊಂಡೇ ಒಯ್ಯುತ್ತಾನೆ.

ದೌಲಪ್ಪ ಮಾರದೆ ಕಾದ. ಮೂರು ತಿಂಗಳಲ್ಲಿ ಧಾರಣೆ ಅರ್ಧಕ್ಕೆ ಬಂತು. ದೌಲಪ್ಪ ಹಗೇವು ತೆರೆಯುತ್ತಾನೆಂದು ಊರಿಂದ ಸುದ್ದಿ ಬಂದಾಗ ಅಣವೀರಪ್ಪ ರಜೆ ಹಾಕಿ ಹೋದ. ಮನೆಯಲ್ಲಿದ್ದ ಅಪ್ಪನ ಕಂದೀಲು ತೆಗೆದುಕೊಂಡು ಪಕ್ಕದ ಅಂಗಳದಲ್ಲಿ ನಿಂತ.

ಬಾಯಿಯ ಕಲ್ಲು ಸರಿಸಿದ್ದೇ ತಡ, ದೌಲಪ್ಪ ಧೋತರ ಮೇಲೆ ಕಟ್ಟಿದ. "ನಾಳಿ ತನಕ ತಡದ್ರ ಧಾರಣಿ ಇನ್ನೂ ಇಳೀತದ. ಈ ಹಮಾಲರು ಒಲ್ಲೆ ಅಂತಾರ. ನಾನೇ ಇಳೀತೀನಿ."

ಅಣವೀರಪ್ಪ ಸುಮ್ಮನಿರಬಹುದಿತ್ತು. ದೌಲಪ್ಪ ಒಂದು ಕಾಲು ಒಳಗಿಡುವವರೆಗೆ ಸುಮ್ಮನೇ ಇದ್ದ. ಆಮೇಲೆ ಅವನ ರಟ್ಟೆ ಹಿಡಿದು ನಿಲ್ಲಿಸಿ, ಕಂದೀಲು ಹಚ್ಚಿ ಹಗ್ಗದಲ್ಲಿ ಇಳಿಬಿಟ್ಟ. ಒಂದಾಳು ಆಳದಲ್ಲಿ ಅದು ಆರಿತು.

ದೌಲಪ್ಪ ಹಗೇವಿನ ಬಾಯಿಯಿಂದ ಎರಡು ಹೆಜ್ಜೆ ಹಿಂದೆ ಸರಿದ. "ನನ್ನ ಜೀವಾ ಉಳಿಸಿದಿ, ತಮ್ಮಾ..."

"ಹೌದ್ರಿ ಕಾಕಾ. ಸತ್ತರ ನೀವು ಏನ್ ನೋಡ್ತೀರಿ? ನಾಳಿ ಇಳಿಯೋ ಧಾರಣಿ ನೋಡ್ರಿ. ನಾಡದ್ದಿಂದೂ ನೋಡ್ರಿ."

ಸರಿಸಿಟ್ಟ ಕಲ್ಲಿನ ಮೇಲೆ ಅಣವೀರಪ್ಪ ಕುಳಿತ. ದೌಲಪ್ಪನಿಗೂ ಪಕ್ಕದಲ್ಲಿ ಜಾಗ ಬಿಟ್ಟ.