ಇಬ್ಬರಿಗೂ ಶುಕ್ರವಾರ

ಸಮುದ್ರ ಅಂಗಡಿಯ ಆ ನೀಲಿ ಜಾರ್ಜೆಟ್ ಥಾನಿನ ಬಣ್ಣ, ಅಲ್ಲ, ಅಷ್ಟಲ್ಲ, ಒಂಚೂರು ಹಸಿರು ಸೇರಿದೆ, ಮೂರು ವರ್ಷ ಟ್ಯೂಬ್‌ಲೈಟಿನ ಕೆಳಗೆ ಬಟ್ಟೆ ಬಿಡಿಸಿ ತೋರಿಸಿದ ಕುಸುಮಳಿಗೆ ಬೆಳಗಿನ ಹತ್ತು ಗಂಟೆಯ ಬಿಸಿಲು ಹೇಗಿರುತ್ತದೆಂಬುದೇ ಮರೆತುಹೋಗಿತ್ತು, ಈಗ ಒಮಾನಿನ ಅಲ್ ಮಬೇಲಾದ ಬಟ್ಟೆ ಅಂಗಡಿಯ ಶಟರ್ ಮೇಲೇರಿರುತ್ತದೆ, ಅವಳು ಮಾತ್ರ ಅಲ್ಲಿಲ್ಲ, ಸೀಬ್ ಕಡಲತೀರದ ಮರಳಿನ ಮೇಲಿದ್ದಾಳೆ, ಪಕ್ಕದಲ್ಲಿ ಗಂಡ ಸಂಕಪ್ಪ — ಅಲ್ಯೂಮಿನಿಯಂ ಫ್ಯಾಕ್ಟರಿಯವನು, ಶುಕ್ರವಾರ ಬಂದರೆ ರಜೆ, ಅಲ್ಲಿ ಗೋಡೆಯ ಮೇಲೆ ನಿಯಮದ ಬೋರ್ಡು, ಅವಳು ರಜೆ ಕೇಳಿದಾಗಲೆಲ್ಲ ಅಂಗಡಿಯ ಮ್ಯಾನೇಜರ್, ಅದೆಲ್ಲ ಫ್ಯಾಕ್ಟರಿಯವರಿಗಮ್ಮ, ಅಂಗಡಿಗೆ ಎಂತ ರಜೆ, ಊರಲ್ಲೂ ಫ್ಯಾಕ್ಟರಿಗೊಂದು ಕಾಯ್ದೆ ಅಂಗಡಿಗೊಂದು ಎಂದು ಕೇಳಿದ್ದಳಲ್ಲ, ನಂಬಿದಳು, ಶುಕ್ರವಾರ ಅವನು ಮಲಗಿರುವಾಗಲೇ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಹೊರಟಳು, ಮೂರು ವರ್ಷ, ಮೊನ್ನೆ ಮಂಗಳವಾರ ಲೇಬರ್ ಆಫೀಸಿನ ಆ ಒಮಾನಿ ಹೆಂಗಸು ಬರುವ ತನಕ — ಕಪ್ಪು ಅಬಾಯಾ, ಕೈಯಲ್ಲಿ ಫೈಲು, ವಾರಕ್ಕೆ ರಜೆ ಕೊಡ್ತಾರಾ ಎಂದು ಹಿಂದಿಯಲ್ಲೇ ಕೇಳಿದಳು, ಕೊಡ್ತಾರೆ ಅನ್ನಿ ಎಂದು ಮ್ಯಾನೇಜರ್ ಮೊದಲೇ ಹೇಳಿಕೊಟ್ಟಿದ್ದ, ಜತೆಗೆ ಕೌಂಟರಿನಲ್ಲಿ ನಿಲ್ಲುವ ಆಯಿಶತ್ ಮೊಣಕೈಯಿಂದ ತಿವಿದಳು, ಕುಸುಮಳ ಬಾಯಿ ಮಾತ್ರ ತಾನಾಗಿಯೇ, ಇಲ್ಲ ಮೇಡಂ, ಇದು ಫ್ಯಾಕ್ಟರಿ ಅಲ್ಲವಲ್ಲ, ಆಕೆ ಪೆನ್ನು ಎತ್ತಿ ಹಿಡಿದು, ಲಾ ಲಾ, ಹಾಗಲ್ಲ, ಎರಡು ಸಾವಿರದ ಮೂರರ ಕಾನೂನ್, ವಾಹಿದ್, ಫ್ಯಾಕ್ಟರಿಗೂ ದುಕಾನಿಗೂ ಒಂದೇ — ಕಾನೂನು! ಅವರಲ್ಲೂ ಅದೇ ಶಬ್ದ!

ಎಂತ ಮಾಡಿದಿ ಮಾರಾಯ್ತಿ, ವೀಸಾ ಕ್ಯಾನ್ಸಲ್ ಮಾಡಿದ್ರೆ, ಸಂಕಪ್ಪ ಉಣ್ಣದೆ ತಟ್ಟೆಯ ಮುಂದೆ ಕುಳಿತ, ಎರಡು ದಿನ ಹಾಗೆಯೇ, ನಿನ್ನೆ ಕಫೀಲ್ ಬಂದ, ಅಂಗಡಿಯ ಒಡೆಯ, ಮುದುಕ, ಇನ್ನು ಹೊರಟೆವು ಊರಿಗೆ ಎಂದುಕೊಂಡಳು, ಅವನು ಲೇಬರ್ ಆಫೀಸಿನ ಕಾಗದ ಓದಿದ, ಮ್ಯಾನೇಜರನ ಮುಖ ನೋಡಿದ, ಎಲ್ಲರಿಗೂ ರಜೆ ಕೊಡು, ಖಲಾಸ್, ಅಷ್ಟೇ, ಸಂಜೆಗೆ ಡ್ಯೂಟಿ ಚಾರ್ಟು ಗೋಡೆಗೆ ಬಂತು, ಶುಕ್ರವಾರ ಒಬ್ಬರಿಗೇ, ಯಾರಿಗೆ, ಆಯಿಶತ್ ಹೇಳಿದಳು, ನನ್ನವರು ಊರಲ್ಲಿದ್ದಾರೆ, ನನಗೆ ಯಾವ ದಿನ ಆದ್ರೂ ಆಯ್ತು, ನೀನು ತಗೋ ಕುಸುಮಾ, ಅಯ್ಯೋ, ಅವಳಿಗೆ ಒಂದು ಮೀಟರ್ ಜಾರ್ಜೆಟ್ ಅಲ್ಲ, ಇಡೀ ಥಾನೇ ಕೊಡಬೇಕು.

ಯಲ್ಲಾ, ಬಾ, ನೀರಿಗಿಳಿಯುವಾ ಎನ್ನುತ್ತಾನೆ ಸಂಕಪ್ಪ, ರಜೆಯಲ್ಲೂ ಅದೇ ಸೇಫ್ಟಿ ಶೂ, ಬಿಚ್ಚುತ್ತಾನೆ, ಸಾಕ್ಸ್ ಎಳೆಯುತ್ತಾನೆ, ಪ್ಯಾಂಟು ಮಡಚುತ್ತಾನೆ — ದೇವರೇ, ಮುಖ ಕುತ್ತಿಗೆ ಎಲ್ಲ ಸುಟ್ಟು ಕಪ್ಪು, ಪಾದ ಮಾತ್ರ ಆಗಷ್ಟೇ ತೊಳೆದಿಟ್ಟ ಮೂಲಂಗಿ, ಎಂತಕ್ಕೆ ನಗುದು ನೀನು, ಎಂತ ಇಲ್ಲ ಮಾರಾಯ್ರೆ, ಹಗಲಲ್ಲಿ ನೋಡಿಯೇ ಇರಲಿಲ್ಲ ಇದನ್ನು, ತೆರೆ ಬಂತು, ಪಾದ ಮುಳುಗಿತು, ತೆರೆ ಹೋಯಿತು, ಪಾದ, ಬೆಳ್ಳಗೆ, ಮತ್ತೆ ತೆರೆ, ಮತ್ತೆ ಆ ಪಾದ —