ಬೇಡ ಅನ್ನುವ ಬಣ್ಣ

ಮುಂದಿನ ಸಾಲಿನವರ ಮೊಣಕೈಗೆ ಒಂದು ಹಸಿರು ಚುಕ್ಕಿ ಅಂಟಿಕೊಂಡಿದೆ, ಅವರಿಗೆ ಗೊತ್ತಿಲ್ಲ, ತಲೆ ಕೆರೆದುಕೊಂಡಾಗಲೆಲ್ಲ ಅದೂ ಮೇಲೆದ್ದು ಬರುತ್ತದೆ, ಹಸಿರೆಂದರೆ ಮರ, ಹಳದಿ ಬೆಂಚು, ನೀಲಿ ದೀಪದ ಕಂಬ, ಸಭೆಯ ಹಾಲಿನ ಬಾಗಿಲಲ್ಲೇ ಸ್ಟಿಕರ್ ಹಂಚುವ ಹುಡುಗಿ ಹೇಳಿಕೊಟ್ಟಿದ್ದಳು, ಬಯಲನ್ನ ಸೈಟು ಮಾಡೋಕೆ ಮುಂಚೆ ನಿಮ್ಮೆಲ್ರ ಅಭಿಪ್ರಾಯ ಬೇಕು ಮೇಡಂ, ಎಲ್ಲಿ ಏನ್ ಬೇಕೋ ಅಲ್ಲಿ ಅಂಟ್ಸಿ, ನಕ್ಷೆ ಗೋಡೆಯಷ್ಟು ದೊಡ್ಡದು, ಬಯಲಿನ ತುಂಬ ಸೈಟುಗಳ ಚೌಕ, ನಡುವೆ ಕರವಸ್ತ್ರದಷ್ಟು ಪಾರ್ಕು, ಏನೂ ಬೇಡ ಅನ್ನೋಕೆ ಯಾವ ಬಣ್ಣಮ್ಮ ಎಂದೆ, ನಕ್ಕಳು, ನಿಜಕ್ಕೂ ಒಳ್ಳೆಯ ನಗು, ಅದಕ್ಕೆ ಬಣ್ಣ ಕೊಟ್ಟಿಲ್ಲ ಮೇಡಂ, ಮೈಕಲ್ಲಿ ಹೇಳ್ಬೋದು — ಸರಿ, ಮೈಕಿನಲ್ಲಿ ಹೇಳುತ್ತೇನೆ, ಬೆಳಿಗ್ಗೆಯಿಂದ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಲೇ ಬಾಯಿಪಾಠ ಮಾಡಿದ್ದೇನೆ, ಮುಷ್ಟಿ ಬಿಗಿ ಹಿಡೀರಿ, ಈ ಬಯಲು ಹಾಗೇ ಇರಬೇಕು, ಸ್ವಲ್ಪ ಚುರುಕ್ ಅನ್ನತ್ತೆ ಅಷ್ಟೇ, ಯಾಕೆಂದರೆ ನನ್ನ ಅಣ್ಣ, ಮುಷ್ಟಿ ಬಿಡಿ, ಯಾಕೆಂದರೆ ನನ್ನ ಅಣ್ಣ — ಅಲ್ಲಿಂದ ಮುಂದೆ ಮಾತು ಒಂದು ಸಲವೂ ನೆಟ್ಟಗೆ ಹೊರಟಿಲ್ಲ, ಏನೆನ್ನಲಿ, ಅವನ ತಲೆಯೆಲ್ಲ ನರೆತಿದೆ, ಮಾತು ಬರುವುದಿಲ್ಲ, ಕೂಗು ಬರುತ್ತದೆ, ದಿನವಿಡೀ ಒಳಗೆ ತುಂಬುತ್ತದೆ, ಸಂಜೆ ತುಳುಕಲೇಬೇಕು, ಬಯಲಿನ ನಡುವೆ ನಿಂತು ತಲೆ ಹಿಂದಕ್ಕೆ ಚೆಲ್ಲಿ ಕೂಗುತ್ತಾನೆ, ಕಾಗೆಗಳೂ ಈಗ ಎದ್ದು ಹಾರುವುದಿಲ್ಲ, ಅಭ್ಯಾಸವಾಗಿದೆ, ಕೂಗಿ ಮುಗಿಸಿ ನನ್ನ ಬ್ಯಾಗಿನ ಪಟ್ಟಿ ಹಿಡಿದು ಮನೆಗೆ ಬರುತ್ತಾನೆ, ಉಂಡು ಮಲಗುತ್ತಾನೆ, ಬಯಲು ಅಂದರೆ ನಮಗೆ ಅಷ್ಟೇ, ಬೆಂಚು ಬೇಕಿಲ್ಲ.

ಮಳೆಯ ದಿನ ಆ ಕೂಗು ಮನೆಯೊಳಗೇ ಹೊರಡುತ್ತದೆ, ಆಗ ನನ್ನ ಅಂಗೈ, ಅವನ ಬಾಯಿ — ಬೇಡ, ಈಗ ಅದು ಬೇಡ — ಮನೆ ಓನರಮ್ಮ ಮೆಟ್ಟಿಲ ಮೇಲೆ ನಿಂತು, ನಿಮ್ಮಣ್ಣನ ಮೇಲೆ ನಂಗೇನ್ ದ್ವೇಷಾನಾ, ಗೋಡೆ ತೆಳು ಕಣಮ್ಮ, ಎಂದರು, ತೆಳು ಗೋಡೆ ಕಟ್ಟಿಸಿದವರು ಅವರೇ, ನಕ್ಕುಬಿಟ್ಟೆ, ನಗಬಾರದಿತ್ತು, ಇನ್ನೊಂದ್ಸಲ ಹಿಂಗಾದ್ರೆ ಬೇರೆ ಮನೆ ನೋಡ್ಕೊಳ್ಳಿ, ಇಲ್ಲಾ ಅವ್ನನ್ನ ಎಲ್ಲಾದ್ರೂ ಸೇರ್ಸಿ, ಅಂಥೋರಿಗೆ ಅಂತ್ಲೇ ಜಾಗ ಇರತ್ತಲ್ಲ, ಇದೆ, ನೋಡಿ ಬಂದಿದ್ದೇನೆ, ಫಿನಾಯಿಲ್ ಹಾಕಿ ಒರೆಸಿದ ನೆಲ, ಸಾಲು ಮಂಚ, ಒಬ್ಬರೂ ಕೂಗುತ್ತಿರಲಿಲ್ಲ, ಎಷ್ಟ್ ಶಾಂತವಾಗಿದಾರೆ ನೋಡಿ ಎಂದರು ವಾರ್ಡನ್, ಹೆಮ್ಮೆಯಿಂದ, ಮಾತ್ರೆ ಕೊಡ್ತೀವಿ.

ಅಣ್ಣ ಎಲ್ಲಿ — ಅಲ್ಲೇ ಇದ್ದಾನೆ, ನಕ್ಷೆಯ ಹತ್ತಿರ, ಯಾರ ಬಳಿ ಬಿಟ್ಟು ಬರಲಿ, ಕರೆದುಕೊಂಡೇ ಬಂದೆ, ಜನ, ಮೈಕಿನ ಕೀರಲು, ಫ್ಯಾನಿನ ಗರಗರ, ಬಂದ ಕೂಡಲೇ ಅವನ ಕತ್ತಿನ ನರ ಉಬ್ಬತೊಡಗಿತ್ತು, ನರ ನೋಡುವುದೇ ನನ್ನ ಕಸುಬು, ಇನ್ನೇನು ಹೊರಟಿತು ಅನ್ನುವಾಗ ಸ್ಟಿಕರ್ ಹುಡುಗಿ ಒಂದು ಹಾಳೆ ಅವನ ಕೈಗಿಟ್ಟಳು, ಅಣ್ಣಾ, ನೀವೂ ಅಂಟ್ಸಿ ಬನ್ನಿ, ನನ್ನನ್ನು ಬಿಟ್ಟರೆ ಯಾರೂ ಅವನನ್ನು ಹಾಗೆ ಕರೆದವರಿಲ್ಲ, ಒಂದು ಚುಕ್ಕಿ ಎಬ್ಬಿಸಿದ, ಬಯಲಿನ ಮೇಲಿಟ್ಟು ಒತ್ತಿದ, ನರ ಇಳಿಯಿತು, ಜನರಿದ್ದ ಕೋಣೆಯಲ್ಲಿ ಅಣ್ಣ ಸುಮ್ಮನಿದ್ದದ್ದು ನನಗೆ ನೆನಪೇ ಇಲ್ಲ, ಹಾಳೆ ಮುಗಿಯಿತು, ಹುಡುಗಿ ಇನ್ನೊಂದು ಕೊಟ್ಟಳು, ಮತ್ತೊಂದು, ನಾನು ತಡೆಯಲಿಲ್ಲ, ಕೂತೆ, ಬೆನ್ನು ಕುರ್ಚಿಗೆ ತಾಗಿಸಿ ಕೂತೆ, ಕುರ್ಚಿಗೆ ಬೆನ್ನಿರುತ್ತದೆ ಅನ್ನುವುದನ್ನೇ ಮರೆತಿದ್ದೆ — ಈಗ ಅಧಿಕಾರಿ ಮೈಕಿಗೆ ಊದಿ, ಕೇಳಿಸ್ತಿದ್ಯಾ, ನೋಡಿ, ನಾವು ಹೇಳೋದಲ್ಲ, ಜನಾನೇ ಕೇಳ್ತಿದಾರೆ, ಬೆಂಚು, ದೀಪ, ಮರ, ಒಂದಿಂಚು ಜಾಗ ಬಿಡದೆ ಅಂಟ್ಸಿದಾರೆ, ಇಂಥ ಬೆಂಬಲ ನಾನೆಲ್ಲೂ ನೋಡಿಲ್ಲ, ಚಪ್ಪಾಳೆ, ನಾನು ಎದ್ದೆನೇ, ಎದ್ದೆ, ಸರ್, ಅದನ್ನ ಅಂಟ್ಸಿದ್ದು ನಮ್ಮಣ್ಣ, ಓ ನಿಮ್ಮಣ್ಣನಾ, ತುಂಬಾ ಥ್ಯಾಂಕ್ಸ್ ಅಮ್ಮಾ, ಅವ್ನಿಗೆ ಗೊತ್ತಾಗಲ್ಲ ಸರ್, ಹಿಂದಿನಿಂದ ಯಾರೋ, ಗೊತ್ತಾಗ್ದೇ ಇರೋರಿಗೇ ಇಷ್ಟ್ ಆಸೆ ಇದ್ರೆ ನಮಗೆಷ್ಟಿರ್ಬೇಡ, ಹಾಲೆಲ್ಲ ನಗು, ಕೆಟ್ಟ ನಗುವೇನಲ್ಲ, ಸರಿಯಮ್ಮ, ನಿಮ್ಗೇನ್ ಬೇಕು ನೀವ್ ಹೇಳಿ, ಏನೂ ಬೇಡ ಸರ್, ಬಯಲು ಹಾಗೇ ಇರ್ಲಿ, ಯಾಕೆ, ಯಾಕಂದ್ರೆ ನಮ್ಮಣ್ಣ ಕೂಗ್ತಾನೆ, ಕೂಗೋಕೆ ಬೇರೆಲ್ಲೂ ಜಾಗ ಇಲ್ಲ — ಎಲ್ಲರೂ ಅವನತ್ತ ತಿರುಗಿದರು, ಅವನು ಹಳದಿ ಚುಕ್ಕಿಯೊಂದನ್ನು ಉಗುರಿನಿಂದ ಎಬ್ಬಿಸುತ್ತಿದ್ದ, ಎಲ್ಲಿ ಕೂಗ್ತಾರಮ್ಮಾ, ಪಾಪ, ಎಷ್ಟ್ ಸುಮ್ನಿದಾರೆ, ಎಂದರು ಅಧಿಕಾರಿ, ಕೂಗು, ಕೂಗು ಅಣ್ಣಾ, ಒಂದೇ ಸಲ, ಇಲ್ಲೇ, ಇವರ ಕಿವಿ ಹರಿಯುವ ಹಾಗೆ, ಜೀವಮಾನದಲ್ಲಿ ಮೊದಲ ಸಲ ಅವನು ಕೂಗಲಿ ಎಂದು ಬೇಡಿಕೊಂಡೆ, ಅವನು ಚುಕ್ಕಿಯನ್ನು ನಕ್ಷೆಗೆ ಒತ್ತಿ ನನ್ನತ್ತ ನೋಡಿ ನಕ್ಕ, ಬರ್ಕೊಂಡಿದೀವಮ್ಮ, ಮುಂದಿನವ್ರು ಬನ್ನಿ.

ಹೊರಗೆ ಇನ್ನೂ ಬಿಸಿಲಿದೆ, ಬ್ಯಾಗಿನ ಪಟ್ಟಿ ಎಳೆಯುತ್ತಿದ್ದಾನೆ, ಹೊತ್ತಾಯಿತೆಂದು ಅವನಿಗೆ ಗೊತ್ತು, ಇವತ್ತಂತೂ ಹೋಗಬಹುದು, ಇವತ್ತೇ ಏನೂ ಕಟ್ಟುವುದಿಲ್ಲವಲ್ಲ ಅಂದುಕೊಳ್ಳುತ್ತ ತಿರುವು ದಾಟಿದರೆ ತಂತಿ, ಬಯಲಿನ ಸುತ್ತ ಹೊಸ ತಂತಿ, ಗೇಟು, ಬೀಗ, ಸಭೆ ಈಗಷ್ಟೇ ಮುಗೀತಲ್ಲಪ್ಪಾ, ಯಾವಾಗ ಹಾಕಿದ್ರಿ, ಕಾವಲಿನವನು ಬೀಡಿ ಕೆಳಗಿಟ್ಟು, ಬೆಳಿಗ್ಗೇನೇ ಅಕ್ಕಾ, ಯಾಕೆ, ಏನಾದ್ರೂ ಬಿಟ್ಟೋಗಿದ್ರಾ ಒಳಗೆ — ಅಣ್ಣ ತಂತಿ ಹಿಡಿದು ನಿಂತಿದ್ದಾನೆ, ಕತ್ತಿನ ನರ, ಬಾ ಅಣ್ಣಾ, ಇಲ್ಲಿ ಬೇಡ, ಸುತ್ತ ಮನೆಗಳು, ಕಿಟಕಿಗಳು, ಬಾ, ಓಡುನಡಿಗೆ, ಮೆಟ್ಟಿಲು, ಓನರಮ್ಮನ ಚಪ್ಪಲಿ ಹೊರಗಿದೆ, ಒಳಗಿದ್ದಾರೆ, ಚಿಲಕ, ಕಿಟಕಿ, ಅವನ ತಲೆ ಹಿಂದಕ್ಕೆ ಚೆಲ್ಲುತ್ತಿದೆ, ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದು ಪಳಗಿದ ಕೈ ಇದು, ಯಾರನ್ನೂ ನೋಯಿಸಿದ ಕೈಯಲ್ಲ, ಸ್ವಲ್ಪ, ಸ್ವಲ್ಪ ಅಷ್ಟೇ ಅಣ್ಣಾ, ಬಿಸಿ ಉಸಿರು, ಹಲ್ಲು, ನಾಳೆಯೂ ಸಂಜೆಯಾಗುತ್ತದೆ, ನನ್ನ ಅಂಗೈ, ಅವನ ಬಾಯಿ, ನಾಡಿದ್ದೂ, ನನ್ನ ಅಂಗೈ, ಅವನ ಬಾಯಿ, ನನ್ನ ಅಂಗೈ